ಓಡಿದಾಗ ಮಾತ್ರ ನೋಯುವ ಕಾಲು: ಒಂದು ಅಧ್ಯಯನ ಟಿಪ್ಪಣಿ

ದಾವಣಗೆರೆಯ ನಮ್ಮ ಹೊರರೋಗಿ ವಿಭಾಗಕ್ಕೆ ಈ ವಾರ ಚಿತ್ರದುರ್ಗದ ಕಡೆಯ ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದ. ಪೊಲೀಸ್ ನೇಮಕಾತಿಯ ಓಟಕ್ಕೆ ದಿನವೂ ಡಾಂಬರು ರಸ್ತೆಯಲ್ಲಿ ಅಭ್ಯಾಸ. ಆರು ತಿಂಗಳಿಂದ ಎರಡೂ ಕಣಕಾಲುಗಳಲ್ಲಿ, ಅಂದರೆ ಮಂಡಿಯಿಂದ ಪಾದದವರೆಗಿನ ಭಾಗದಲ್ಲಿ, ನೋವು. ಮಂಚದ ಮೇಲೆ ಮಲಗಿಸಿ ಪರೀಕ್ಷಿಸಿದೆ. ಒತ್ತಿದರೆ ನೋವಿಲ್ಲ, ಊತವಿಲ್ಲ, ನಾಡಿ ಚೆನ್ನಾಗಿದೆ, ಎಕ್ಸ್‌ರೇಯಲ್ಲೂ ಏನಿಲ್ಲ. ಶಿನ್ ಸ್ಪ್ಲಿಂಟ್ಸ್ (ಓಟದ ಒತ್ತಡದಿಂದ ಕಣಕಾಲಿನ ಎಲುಬಿನ ಅಂಚಿನಲ್ಲಿ ಬರುವ ನೋವು) ಎಂದು ಬರೆದೆ. ಚೀಟಿ ನೋಡಿದ ನಮ್ಮ ಹಿರಿಯ ವೈದ್ಯೆ ಮೇಡಂ, “ಅವನಿಗೆ ನೋವು ಬರುವುದು ಓಡುವಾಗ. ನೀವು ನೋಡಿದ್ದು ಮಲಗಿಸಿ” ಎಂದರು.

ಇಂಥ ನೋವಿನ ಕಾರಣಗಳಲ್ಲಿ ಸುಲಭದ ಎರಡನ್ನು ಮೊದಲು ಬರೆದುಕೊಳ್ಳುತ್ತೇನೆ. ಟಿಬಿಯಾದ (ಕಣಕಾಲಿನ ದಪ್ಪ ಎಲುಬು) ಒಳ ಅಂಚಿನುದ್ದಕ್ಕೂ, ಕೆಳಭಾಗದಲ್ಲಿ, ಐದು ಸೆಂಟಿಮೀಟರ್ ಅಥವಾ ಹೆಚ್ಚು ಉದ್ದಕ್ಕೆ ಒತ್ತಿದಾಗ ನೋವಿದ್ದರೆ ಶಿನ್ ಸ್ಪ್ಲಿಂಟ್ಸ್. ಬೆರಳ ತುದಿಯಲ್ಲಿ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಬರಬರುತ್ತಾ ನಡೆಯುವಾಗಲೂ ಕಾಡಿದರೆ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಲುಬಿನಲ್ಲಾಗುವ ಸಣ್ಣ ಬಿರುಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಅನುಮಾನವಿದ್ದರೆ ಎಂಆರ್‌ಐ. ಹುಡುಗಿಯಾದರೆ ಮುಟ್ಟು ಸರಿಯಾಗಿ ಆಗುತ್ತಿದೆಯೇ, ಊಟ ಸಾಕಾಗುತ್ತಿದೆಯೇ ಎಂದು ಕೇಳಲೇಬೇಕು, ಇಲ್ಲದಿದ್ದರೆ ಎಲುಬು ಸೊರಗಿರಬಹುದು.

ನಾನು ಎಡವಿದ್ದು ಮೂರನೆಯದರಲ್ಲಿ: ಓಡಿದಾಗ ಬರುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ನಮ್ಮ ಕಣಕಾಲಿನ ಸ್ನಾಯುಗಳು ನಾಲ್ಕು ಕಂಪಾರ್ಟ್‌ಮೆಂಟ್‌ಗಳಲ್ಲಿ (ಕೋಣೆಗಳಲ್ಲಿ), ಗಟ್ಟಿ ಪೊರೆಯೊಳಗೆ ಕೂತಿವೆ. ದುಡಿಯುವ ಸ್ನಾಯು ರಕ್ತ ತುಂಬಿಕೊಂಡು ಸುಮಾರು ಶೇ 20ರಷ್ಟು ಉಬ್ಬುತ್ತದೆ. ಪೊರೆ ಹಿಗ್ಗದಿದ್ದರೆ ಒಳಗಿನ ಒತ್ತಡ ಏರುತ್ತದೆ, ನೋವು ಶುರುವಾಗುತ್ತದೆ. ಓಟ ನಿಲ್ಲಿಸಿದರೆ ಇಳಿಯುತ್ತದೆ. ಆದ್ದರಿಂದ ಮಲಗಿದ ಕಾಲಿನಲ್ಲಿ ಏನೂ ಸಿಗುವುದಿಲ್ಲ. ಇದನ್ನು ನನಗೆ ನಾನೇ ಮೂರು ಸಲ ಹೇಳಿಕೊಂಡೆ: ಕಾಯಿಲೆ ಇಲ್ಲವೆಂದಲ್ಲ, ಆ ಹೊತ್ತಿನಲ್ಲಿ ಇಲ್ಲ.

ಹಾಗಾಗಿ ಈಗ ನನ್ನ ಮೊದಲ ಪ್ರಶ್ನೆ ಗಡಿಯಾರದ್ದು. ಎಷ್ಟು ನಿಮಿಷ ಓಡಿದ ಮೇಲೆ ನೋವು? ದಿನವೂ ಅಷ್ಟೇ ಹೊತ್ತಿಗೋ? ನಿಂತ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ? ಶಿನ್ ಸ್ಪ್ಲಿಂಟ್ಸ್‌ನ ನೋವು ಆರಂಭದಲ್ಲಿ ಜೋರಾಗಿದ್ದು, ಮೈ ಬಿಸಿಯಾದಂತೆ ತಗ್ಗುವುದುಂಟು. ಕಂಪಾರ್ಟ್‌ಮೆಂಟ್‌ನದು ತದ್ವಿರುದ್ಧ: ಹೆಚ್ಚುಕಡಿಮೆ ಅದೇ ನಿಮಿಷಕ್ಕೆ ಬಂದು, ಓಡಿದಷ್ಟೂ ಏರುತ್ತದೆ.

ಹುಡುಗನನ್ನು ಓಡಿಸಿದೆವು. ಹನ್ನೆರಡು ನಿಮಿಷಕ್ಕೆ ಕುಂಟುತ್ತಾ ಬಂದ. ಕಣಕಾಲಿನ ಮುಂಭಾಗ ಕಲ್ಲಿನಂತೆ ಗಟ್ಟಿ. ಹೆಬ್ಬೆರಳು, ಎರಡನೇ ಬೆರಳಿನ ನಡುವೆ ಹತ್ತಿ ತಾಗಿಸಿದರೆ ತಿಳಿಯುತ್ತಿಲ್ಲ. ಮುಂದಿನ ಕಂಪಾರ್ಟ್‌ಮೆಂಟ್‌ನಲ್ಲಿ ಸಾಗುವ ಡೀಪ್ ಪೆರೋನಿಯಲ್ ನರ ಒತ್ತಡಕ್ಕೆ ಸಿಕ್ಕಿದ ಗುರುತು ಅದು.

ಇಲ್ಲಿ ಇನ್ನೊಂದು ಗೊಂದಲ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ಅಪಧಮನಿ ಸ್ನಾಯುವಿನ ಅಡಿ ಸಿಕ್ಕಿಕೊಂಡರೂ ಓಡಿದಾಗಲೇ ನೋವು. ಅದು ಹೆಚ್ಚಾಗಿ ಮೀನಖಂಡದಲ್ಲಿ ಬರುತ್ತದೆ, ನಿಂತ ಕೆಲವೇ ನಿಮಿಷಕ್ಕೆ ಹೋಗುತ್ತದೆ. ಮಂಡಿ ನೇರ ಇಟ್ಟು ಪಾದವನ್ನು ಬಲವಾಗಿ ಕೆಳಕ್ಕೆ ಚಾಚಿಸಿದಾಗ ಪಾದದ ನಾಡಿ ಕ್ಷೀಣಿಸಬಹುದು. ಆದರೆ ಆರೋಗ್ಯವಂತರಲ್ಲೂ ಹಾಗಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ. ನಮ್ಮ ಹುಡುಗನ ನಾಡಿ ಓಡಿದ ಮೇಲೂ ಗಟ್ಟಿಯಾಗಿತ್ತು.

ಖಚಿತಪಡಿಸಲು ಸೂಜಿಯಿಂದ ಒತ್ತಡ ಅಳೆಯಬೇಕು. ಸಂಶೋಧಕ ಪೆಡೊವಿಟ್ಜ್ 1990ರಲ್ಲಿ ಕೊಟ್ಟ ಅಂಕಿಗಳು, ಪಾದರಸದ ಮಿಲಿಮೀಟರ್‌ಗಳಲ್ಲಿ: ಓಟಕ್ಕೆ ಮುನ್ನ 15, ನಿಂತ ಒಂದು ನಿಮಿಷಕ್ಕೆ 30, ಐದು ನಿಮಿಷಕ್ಕೆ 20. ಯಾವುದಾದರೂ ಒಂದು ಅಷ್ಟಿದ್ದರೆ ಅಥವಾ ಮೀರಿದರೆ ಸಾಕು.

ವಿಶ್ರಾಂತಿಯಲ್ಲೂ ರಾತ್ರಿಯೂ ನೋವು, ಜ್ವರ, ತೂಕ ಇಳಿಕೆ, ಗಂಟು ಇದ್ದರೆ ಈ ಲೆಕ್ಕ ಬದಿಗಿಟ್ಟು ಎಲುಬಿನ ಗೆಡ್ಡೆ, ಸೋಂಕುಗಳನ್ನು ಹುಡುಕಬೇಕು.

ಅವನ ಒತ್ತಡ ಅಳೆಯುವುದು ಬುಧವಾರ. ಓಡುವ ಶೂ ಹಾಕಿಕೊಂಡೇ ಬಾ ಎಂದು ಹೇಳಿ ಕಳಿಸಿದ್ದೇನೆ.