ಸ್ಯಾಮ್ ಕ್ರಾಫರ್ಡ್‌ನ 309 ಟ್ರಿಪಲ್: ಅಂಕಿ ಓದುವ ಬಗೆ

ಸ್ಯಾಮ್ ಕ್ರಾಫರ್ಡ್ (1880–1968) ಅಮೆರಿಕದ ನೆಬ್ರಾಸ್ಕ ರಾಜ್ಯದ ವಾಹೂ ಎಂಬ ಊರಿನವನು. ಕ್ಷೌರದ ಕೆಲಸ ಕಲಿಯುತ್ತಿದ್ದವನು ಬೇಸ್‌ಬಾಲ್‌ಗೆ ಬಂದ. 1899ರಿಂದ 1902ರವರೆಗೆ ಸಿನ್ಸಿನಾಟಿ ರೆಡ್ಸ್, 1903ರಿಂದ 1917ರವರೆಗೆ ಡೆಟ್ರಾಯಿಟ್ ಟೈಗರ್ಸ್. ಎಡಗೈ ಬ್ಯಾಟರ್, ಹೆಚ್ಚಾಗಿ ಬಲ ಔಟ್‌ಫೀಲ್ಡರ್. ಅವನ 309 ಟ್ರಿಪಲ್‌ಗಳ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಎರಡನೇ ಸ್ಥಾನದಲ್ಲಿ ಅವನ ತಂಡದವನೇ ಆದ ಟೈ ಕಾಬ್, 295.

ಕ್ರಿಕೆಟ್ ಬಲ್ಲವರು ಎಡವುವುದು ಇಲ್ಲೇ. ಟ್ರಿಪಲ್ ಎಂದರೆ ಮೂರು ರನ್ ಅಲ್ಲ. ಒಂದೇ ಹೊಡೆತಕ್ಕೆ ಮೂರನೇ ಬೇಸ್ (ಓಡುವವನು ಸರದಿಯಂತೆ ಮುಟ್ಟಬೇಕಾದ ಗುರುತು) ಮುಟ್ಟುವುದು. ಬೇಸಿನಿಂದ ಬೇಸಿಗೆ 90 ಅಡಿ, ಅಂದರೆ 270 ಅಡಿ ಓಟ. ಫೀಲ್ಡರ್‌ನ ಎಡವಟ್ಟಿನಿಂದ ಸಿಕ್ಕ ಬೇಸ್ ಲೆಕ್ಕಕ್ಕಿಲ್ಲ. ಮೂರನೆಯದಕ್ಕೆ ಓಡುತ್ತಾ ಔಟಾದರೆ ಡಬಲ್ (ಎರಡು ಬೇಸಿನ ಹೊಡೆತ) ಮಾತ್ರ. ಮೂರನೆಯದನ್ನು ಮುಟ್ಟಿ ಹೋಮ್‌ಗೆ (ಬ್ಯಾಟ್ ಮಾಡುವ ಜಾಗ; ಅಲ್ಲಿಗೆ ಮರಳಿದರೆ ರನ್) ಓಡುವಾಗ ಔಟಾದರೆ ಟ್ರಿಪಲ್ ಉಳಿಯುತ್ತದೆ.

ಅವನ ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಹೋಮ್‌ಗೆ ಮರಳುವುದು, ಸಾಮಾನ್ಯವಾಗಿ ಚೆಂಡು ಬೇಲಿ ದಾಟಿದಾಗ) ಬರೀ 97. ಇದನ್ನು ಕಂಡು ಹೊಡೆತದಲ್ಲಿ ಬಲವಿರಲಿಲ್ಲ ಎಂದು ಬರೆದರೆ ತಪ್ಪು. ಆಗ ಒಂದೇ ಚೆಂಡು ಕೊಳೆಯಾಗಿ ಮೆತ್ತಗಾದರೂ ಅದರಲ್ಲೇ ಆಟ ಸಾಗುತ್ತಿತ್ತು. ಪಿಚರ್ ಎಂಜಲು ಹಚ್ಚಿ ಎಸೆಯಲೂ ಅಡ್ಡಿಯಿರಲಿಲ್ಲ. ಬೇಲಿಯೂ ದೂರ. ಹಾಗಾಗಿ ಜೋರು ಹೊಡೆತ ಬೇಲಿ ದಾಟುವ ಬದಲು ಇಬ್ಬರು ಔಟ್‌ಫೀಲ್ಡರ್‌ಗಳ ನಡುವೆ ನುಗ್ಗಿ ಹಿಂದಕ್ಕೆ ಉರುಳುತ್ತಿತ್ತು. 1901ರಲ್ಲಿ 16 ಹೋಮ್ ರನ್‌ಗಳಿಂದ ನ್ಯಾಷನಲ್ ಲೀಗ್‌ನಲ್ಲೂ, 1908ರಲ್ಲಿ ಬರೀ 7ರಿಂದ ಅಮೆರಿಕನ್ ಲೀಗ್‌ನಲ್ಲೂ ಅವನೇ ಮೊದಲಿಗ. ಕಾಲ ಎಂಥದಿತ್ತು ಎಂಬುದಕ್ಕೆ ಆ 7 ಸಾಕು. 1914ರಲ್ಲಿ ಅವನ ಟ್ರಿಪಲ್ 26.

ಬಲವನ್ನು ಅಳೆಯಲು ಸ್ಲಗಿಂಗ್ (ಬ್ಯಾಟಿಂಗ್ ಸರದಿಗೆ ಸರಾಸರಿ ಎಷ್ಟು ಬೇಸ್) ಲೆಕ್ಕ ಹಾಕಿ. ಒಟ್ಟು ಹಿಟ್ (ಬೇಸ್ ಗಳಿಸಿಕೊಟ್ಟ ಹೊಡೆತ) 2,961. ಡಬಲ್ 458, ಟ್ರಿಪಲ್ 309, ಹೋಮ್ ರನ್ 97 ಕಳೆದರೆ ಸಿಂಗಲ್ 2,097. ಇವನ್ನು ಕ್ರಮವಾಗಿ 2, 3, 4, 1ರಿಂದ ಗುಣಿಸಿ ಕೂಡಿದರೆ 4,328 ಬೇಸ್. 9,570 ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿಗಳು) ಭಾಗಿಸಿದರೆ .452. ಬ್ಯಾಟಿಂಗ್ ಸರಾಸರಿ (ಹಿಟ್ ಅನ್ನು ಅಟ್-ಬ್ಯಾಟ್‌ನಿಂದ ಭಾಗಿಸಿದ್ದು) .309, ಟ್ರಿಪಲ್ ಸಂಖ್ಯೆಯೂ 309 ಆದ್ದರಿಂದ ಬರೆಯುವಾಗ ಎರಡನ್ನೂ ಬೆರೆಸಿಬಿಡುವುದುಂಟು, ಜೋಕೆ.

1907, 1908, 1909 ಮೂರೂ ವರ್ಷ ಡೆಟ್ರಾಯಿಟ್ ವರ್ಲ್ಡ್ ಸೀರೀಸ್ (ಎರಡು ಲೀಗ್‌ಗಳ ವಿಜೇತರ ಅಂತಿಮ ಸರಣಿ) ತಲುಪಿ ಸೋತಿತು. ಕ್ರಾಫರ್ಡ್‌ಗೆ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರಿಗೆ ಸಲ್ಲುವ ಗೌರವ) ಸಿಕ್ಕಿದ್ದು 1957ರಲ್ಲಿ.

ಕಾಬ್‌ಗೂ ಇವನಿಗೂ ಅಷ್ಟಕ್ಕಷ್ಟೇ. ಮೈದಾನದಲ್ಲಿ ಮಾತ್ರ ಒಳ್ಳೆಯ ಜೋಡಿ. ಕಾಬ್ ಮೂರನೇ ಬೇಸ್‌ನಲ್ಲಿರುವಾಗ ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಬಿದ್ದು ಕ್ರಾಫರ್ಡ್‌ಗೆ ವಾಕ್ (ಮೊದಲ ಬೇಸ್‌ಗೆ ಪುಕ್ಕಟೆ ದಾರಿ) ಸಿಕ್ಕಿತೆನ್ನಿ. ಅವನು ಮೊದಲ ಬೇಸ್‌ವರೆಗೆ ನಿಧಾನವಾಗಿ ಹೋಗಿ, ನಿಲ್ಲದೆ ಥಟ್ಟನೆ ಎರಡನೆಯದಕ್ಕೆ ಓಟ ಕೀಳುತ್ತಿದ್ದ. ಅವನನ್ನು ಹಿಡಿಯಲು ಚೆಂಡು ಎಸೆದರೆ ಕಾಬ್ ಹೋಮ್‌ಗೆ ನುಗ್ಗುತ್ತಾನೆ. ಎಸೆಯದಿದ್ದರೆ ಎರಡನೇ ಬೇಸ್ ಪುಕ್ಕಟೆ.