ಮಸ್ಕಿರೋಫ್ಕ ಅಂದ್ರೆ ಮುಖವಾಡ ಅಲ್ಲ

‘ಮಸ್ಕಿರೋವ್ಕಾ, ಅಂದರೆ ರಷ್ಯನ್ ಭಾಷೆಯಲ್ಲಿ ಮುಖವಾಡ.’ ಉಕ್ರೇನ್ ಯುದ್ಧ ಶುರುವಾದಾಗಿನಿಂದ ಕನ್ನಡ ಬರಹಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೊನ್ನೆ ಮತ್ತೆ ಎದುರಾಯಿತು. ಈ ಸಲ ‘ಮುಖವಾಡ ತಂತ್ರ’ ಎಂದು ಬಡ್ತಿಯೂ ಸಿಕ್ಕಿತ್ತು.

ರಷ್ಯನ್ನಿನಲ್ಲಿ ಮುಖವಾಡಕ್ಕೆ ‘ಮಾಸ್ಕ’ ಅನ್ನುತ್ತಾರೆ. (ನಾವು ಹೊಡೆಯುವ ಮಸ್ಕಾ ಬೇರೆ, ಅದು ಬೆಣ್ಣೆ.) ಮಸ್ಕಿರೋಫ್ಕ (ಬರೆಯುವುದು ‘ವ್’, ರಷ್ಯನ್ನರು ಉಚ್ಚರಿಸುವುದು ‘ಫ್’) ಒಂದು ವಸ್ತುವೇ ಅಲ್ಲ, ಅದೊಂದು ಕೆಲಸ. ಕಣ್ಣಿಗೆ ಬೀಳದ ಹಾಗೆ ಮಾಡುವುದು, ಮರೆಮಾಚುವುದು. ಎರಡಕ್ಕೂ ಮೂಲ ಒಂದೇ, ನಿಜ. ಆದರೆ ಮಸ್ಕಿರೋಫ್ಕಕ್ಕೆ ಮುಖವೇ ಬೇಕಾಗಿಲ್ಲ. ಹಿಮದಲ್ಲಿ ಸೈನಿಕ ತೊಡುವ ಬಿಳಿ ನಿಲುವಂಗಿಗೆ ‘ಮಸ್ಕ್‌ಹಲಾತ್’ ಅನ್ನುತ್ತಾರೆ. ಅದು ಮುಚ್ಚುವುದು ಇಡೀ ಮೈಯನ್ನು. ಬಾಂಬ್ ದಾಳಿಯ ರಾತ್ರಿ ಊರಿಗೆ ಊರೇ ದೀಪ ಆರಿಸಿ, ಕಿಟಕಿ ಮುಚ್ಚಿ ಕೂರುವುದು ‘ಸ್ವೆತಮಸ್ಕಿರೋಫ್ಕ’, ಅಂದರೆ ಬೆಳಕನ್ನು ಮರೆಮಾಡುವುದು. 1941ರಲ್ಲಿ ಮಾಸ್ಕೋದಲ್ಲಿ ಲೆನಿನ್ ಸಮಾಧಿಯನ್ನು ಮೇಲಿನಿಂದ ನೋಡಿದರೆ ಮಾಮೂಲಿ ಕಟ್ಟಡದ ಹಾಗೆ ಕಾಣುವಂತೆ ಮಾಡಿದರು, ಕ್ರೆಮ್ಲಿನ್ ಗೋಪುರಗಳ ಕೆಂಪು ನಕ್ಷತ್ರಗಳನ್ನು ಮುಚ್ಚಿದರು. 1944ರ ಬೇಸಿಗೆಯಲ್ಲಿ ಸೋವಿಯತ್ ಸೈನಿಕರು ತಮ್ಮ ಹೊಡೆತ ದಕ್ಷಿಣದಲ್ಲಿ ಬೀಳುತ್ತದೆ ಎಂದು ಜರ್ಮನ್ನರನ್ನು ನಂಬಿಸಿ ಬೆಲಾರುಸ್‌ನಲ್ಲಿ ನುಗ್ಗಿದರು. ಇದೆಲ್ಲ ಮಸ್ಕಿರೋಫ್ಕವೇ. ಇದರಲ್ಲಿ ಮುಖವಾಡ ಎಲ್ಲಿದೆ?

ತಪ್ಪು ಪೂರಾ ನಮ್ಮದಲ್ಲ. ಇಂಗ್ಲಿಷಿನವರು ಈ ಪದವನ್ನು ಹಾಗೇ ಎತ್ತಿಕೊಂಡು, ಅದೇನೋ ಸೋವಿಯತ್ ಸೇನೆಯ ಗುಪ್ತ ವಿದ್ಯೆ ಅನ್ನುವ ಹಾಗೆ ಬರೆದರು. ರಷ್ಯನ್ನರಿಗೆ ಅದು ಮಾಮೂಲಿ ಮಾತು. ಕಾಡಿನಲ್ಲಿ ಸೊಪ್ಪು ಹೊದ್ದು ಕೂತ ಬೇಟೆಗಾರನದೂ ಮಸ್ಕಿರೋಫ್ಕವೇ. ಇನ್ನೊಂದು ತಮಾಷೆ ನೋಡಿ. ಇಂಗ್ಲಿಷಿನವರು ‘ಗ್ಯಾಸ್ ಮಾಸ್ಕ್’ ಅನ್ನುವ ವಸ್ತುವಿಗೆ ರಷ್ಯನ್ನರು ‘ಪ್ರತಿವಗಾಸ್’ ಅನ್ನುತ್ತಾರೆ, ಅನಿಲವನ್ನು ತಡೆಯುವಂಥದ್ದು ಅಂತ. ಇದನ್ನು ನಿಜವಾಗಿ ಮುಖಕ್ಕೆ ಕಟ್ಟಿಕೊಂಡರೂ ಹೆಸರಿನಲ್ಲಿ ‘ಮಾಸ್ಕ’ ಇಲ್ಲ!

ಹಾಗಾದರೆ ‘ಅವನದು ಒಳ್ಳೆಯತನದ ಮುಖವಾಡ’ ಎಂದು ಹೇಳಬೇಕಾದರೆ? ಮಾಸ್ಕ ನಡೆಯುತ್ತದೆ. ಇಂಗ್ಲಿಷಿನ ಹಾಗೇ ರಷ್ಯನ್ನಿನಲ್ಲೂ ಮಾಸ್ಕ ಕಳಚುತ್ತಾರೆ, ಕಿತ್ತೊಗೆಯುತ್ತಾರೆ. ಆದರೆ ಅವರ ಹತ್ತಿರ ಇನ್ನೂ ಚುರುಕಾದ ಪದ ಇದೆ: ಲಿಚೀನ. ‘ಲಿಕ್’ ಅಂದರೆ ಮುಖ, ಅದರಿಂದ ಹುಟ್ಟಿದ್ದು. ಹಿಂದೆ ನಿಜವಾದ ಮುಖವಾಡಕ್ಕೂ ಲಿಚೀನ ಅನ್ನುತ್ತಿದ್ದರು. ಈಗ ದಿನಬಳಕೆಯಲ್ಲಿ ಉಳಿದಿರುವುದು ಕಪಟದ ಅರ್ಥ. ‘ಸ್ನೇಹಿತನ ಲಿಚೀನದಡಿ’ ಬಂದವನು ಖಂಡಿತ ಕೇಡಿಗ. ಮಗು ಹಾಕಿಕೊಂಡ ಬೆಕ್ಕಿನ ಮುಖವನ್ನು ಇವತ್ತು ಲಿಚೀನ ಅಂದರೆ ಜನ ನಗುತ್ತಾರೆ, ಅದು ಮಾಸ್ಕ. ಇಂಗ್ಲಿಷಿನಲ್ಲಿ ಆಟಕ್ಕೂ ಮೋಸಕ್ಕೂ ಒಂದೇ ‘ಮಾಸ್ಕ್’ ಸಾಕು. ನಮ್ಮ ಕಿವಿ ಈ ವಿಷಯದಲ್ಲಿ ರಷ್ಯನ್ನರ ಕಡೆಗಿದೆ. 2020ರಲ್ಲಿ ಮನೆಯಲ್ಲಿ ಎಲ್ಲರೂ ‘ಮಾಸ್ಕ್ ಹಾಕ್ಕೊಂಡು ಹೋಗು’ ಅಂದರು, ಕೆಲವರು ಮುಖಗವಸು ಎಂದು ಬರೆದರು. ‘ಮುಖವಾಡ ಹಾಕ್ಕೊಂಡು ಹೋಗು’ ಅನ್ನಲು ನಾಲಿಗೆ ಹೊರಳಲಿಲ್ಲ, ಅಲ್ವಾ?

ಲಿಚೀನಕ್ಕೊಂದು ಮರಿ ಇದೆ, ಅದು ನನಗೆ ಬಲು ಇಷ್ಟ. ‘ಲಿಚೀನ್ಕ’ ಅಂದರೆ ಪುಟ್ಟ ಮುಖವಾಡ. ಆದರೆ ಅದರ ಅರ್ಥ ಕೀಟದ ಮರಿಹುಳು! ಇಂಗ್ಲಿಷಿನಲ್ಲಿ ಇದೇ ‘ಲಾರ್ವ’. ಲ್ಯಾಟಿನ್ನಿನಲ್ಲಿ ಲಾರ್ವ ಅಂದರೆ ದೆವ್ವ, ಮುಖವಾಡ. 18ನೇ ಶತಮಾನದಲ್ಲಿ ಜೀವಿಗಳಿಗೆ ಹೆಸರಿಡುತ್ತಿದ್ದ ವಿಜ್ಞಾನಿ ಲಿನೇಯಸ್ ಆ ಪದವನ್ನು ಹುಳುವಿಗೆ ಅಂಟಿಸಿದ. ಮುಂದೆ ಆಗಲಿರುವ ಚಿಟ್ಟೆ ಈ ಹುಳುವಿನ ವೇಷದೊಳಗೆ ಅಡಗಿದೆ ಅನ್ನುವ ಲೆಕ್ಕ. ಇಂಗ್ಲಿಷ್ ಓದುಗನಿಗೆ ಲಾರ್ವದೊಳಗಿನ ಮುಖವಾಡ ಈಗ ಕಾಣುವುದಿಲ್ಲ. ರಷ್ಯನ್ನನಿಗೆ ಸ್ವಲ್ಪ ಗಮನಿಸಿದರೆ ಕಾಣುತ್ತದೆ. ಬೀಗದಲ್ಲಿ ಕೀಲಿಕೈ ತೂರಿಸುವ ಒಳಭಾಗವೂ ಲಿಚೀನ್ಕವೇ. ಇದು ಗೊತ್ತಿಲ್ಲದೆ ಅನುವಾದಕ್ಕೆ ಕೂತರೆ ಬೀಗಕ್ಕೆ ಹುಳ ಹಿಡಿದಿರುತ್ತದೆ.

ಇನ್ನೊಂದು ಹಳೆಯ ಪದ ‘ಖಾರ್ಯ’. ಊರೂರು ಸುತ್ತುತ್ತಿದ್ದ ಸ್ಕಮರೋಖ್ ಎಂಬ ಆಟಗಾರರು ಹಾಕುತ್ತಿದ್ದ ಮುಖವಾಡ ಅದು. 1648ರಲ್ಲಿ ರಷ್ಯದ ದೊರೆ ಅಲೆಕ್ಸೇಯ್ ಮಿಖೈಲೊವಿಚ್ ಅವರ ವಾದ್ಯಗಳನ್ನೂ ಮುಖವಾಡಗಳನ್ನೂ ನಾಶ ಮಾಡಲು ಆಜ್ಞೆ ಹೊರಡಿಸಿದ. ಪದ ಮಾತ್ರ ಬದುಕಿಕೊಂಡಿತು, ಬೈಗುಳವಾಗಿ. ಇವತ್ತು ಖಾರ್ಯ ಅಂದರೆ ನಮ್ಮ ‘ಮುಸುಡಿ’.

ಮಾಸ್ಕ್ ಪದ ಇಟಲಿಯ ‘ಮಾಸ್ಕೆರ’ದಿಂದ ಫ್ರೆಂಚ್ ದಾರಿಯಾಗಿ ಬಂತು. ಅದಕ್ಕೂ ಹಿಂದಕ್ಕೆ ಹೋದರೆ ಪಂಡಿತರ ಜಗಳ. ಮಾಟಗಾತಿ ಅನ್ನುವ ಅರ್ಥದ ‘ಮಸ್ಕ’ ಎಂಬ ಮಧ್ಯಯುಗದ ಲ್ಯಾಟಿನ್ ಪದ ಅನ್ನುವುದು ಒಂದು ಕಡೆ. ವಿದೂಷಕ ಅನ್ನುವ ಅರ್ಥದ ಅರಬ್ಬಿ ‘ಮಸ್ಖರ’ ಅನ್ನುವುದು ಇನ್ನೊಂದು ಕಡೆ. ನಾನು ಸುಮ್ನೆ ಎರಡನೆಯವರ ಪಕ್ಷ. ಅವರು ಗೆದ್ದರೆ ಉತ್ತರ ಕರ್ನಾಟಕದ ‘ಮಸ್ಕಿರಿ’ಯೂ ಇದರ ನೆಂಟನಾಗುತ್ತದೆ. ‘ಏನ್ ಮಸ್ಕಿರಿ ಹಚ್ಚೀಯೋ’ ಅನ್ನುವವರಿಗೆ ಅಷ್ಟು ದೂರದ ಬಳಗ!

ಕೊನೆಗೆ ಅನುವಾದಕರಿಗೊಂದು ಮಾತು. ‘ಮಾಸ್ಕ, ಯಾ ತಿಬ್ಯಾ ಜ್ನಾಯು’ ಎಂಬ ರಷ್ಯನ್ ಮಾತು ಸಿಕ್ಕರೆ, ದಯವಿಟ್ಟು ‘ಮುಖವಾಡವೇ, ನಿನ್ನನ್ನು ಬಲ್ಲೆ’ ಎಂದು ಬರೆಯಬೇಡಿ. ವೇಷದ ಕೂಟಗಳಲ್ಲಿ ಮುಖವಾಡ ಹಾಕಿದ ವ್ಯಕ್ತಿಯನ್ನೇ ‘ಮಾಸ್ಕ’ ಎಂದು ಕರೆಯುತ್ತಿದ್ದರು. ಈಗ ಅದು ಬರೀ ಕೀಟಲೆ. ‘ನೀನು ಯಾರಂತ ಗೊತ್ತಾಯ್ತು ಬಿಡು’ ಅಂದರೆ ಸಾಕು.