ಓದುಗರ ಪ್ರಶ್ನೆ: ಕೃಷಿ ಸಲಹೆಗಾರರ ಚೀಲದಲ್ಲಿ ಮೊದಲು ಏನಿರಬೇಕು?

ಪ್ರಶ್ನೆ: ಕೃಷಿ ಪದವಿ ಮುಗಿಸಿ ಕೆಲವು ವರ್ಷ ಗೊಬ್ಬರದ ಕಂಪನಿಯೊಂದರಲ್ಲಿ ದುಡಿದಿದ್ದೇನೆ. ಈಗ ಆ ಕೆಲಸ ಬಿಟ್ಟು, ಶುಲ್ಕ ಪಡೆದು ರೈತರಿಗೆ ಸಲಹೆ ನೀಡುವ ಸ್ವತಂತ್ರ ವೃತ್ತಿಗೆ ಇಳಿಯಬೇಕೆಂದಿದ್ದೇನೆ. ಕೈಯಲ್ಲಿ ಹೆಚ್ಚು ಹಣವಿಲ್ಲ. ಡ್ರೋನ್, ಮಣ್ಣಿನ ಸೆನ್ಸರ್, ಲ್ಯಾಪ್‌ಟಾಪ್ ಇವುಗಳಲ್ಲಿ ಮೊದಲು ಯಾವುದನ್ನು ಕೊಳ್ಳುವುದು ಒಳ್ಳೆಯದು?

ಉತ್ತರ: ಈ ಮೂರನ್ನೂ ಸದ್ಯಕ್ಕೆ ಬದಿಗಿಡಿ. ನಮ್ಮ ಊರುಗಳಲ್ಲಿ ಸಲಹೆಗೆ ಕೊರತೆಯಿಲ್ಲ. ಗೊಬ್ಬರದಂಗಡಿಯಲ್ಲಿ ಪ್ರತಿ ಬಾಟಲಿಯ ಜೊತೆಗೂ ಅದು ಬಿಟ್ಟಿಯಾಗಿ ಸಿಗುತ್ತದೆ. ಹಾಗಿರುವಾಗ ರೈತರು ನಿಮಗೆ ಪ್ರತ್ಯೇಕವಾಗಿ ಹಣ ಕೊಡುವುದಾದರೆ, ಅದು ಅಂಗಡಿಯವರಾಗಲಿ ಪಕ್ಕದ ಹೊಲದವರಾಗಲಿ ನೋಡದೆ ಹೋದ ಕಾರಣವನ್ನು ನೀವು ಹೊಲದಲ್ಲಿಯೇ, ಅವರ ಕಣ್ಣೆದುರಿನಲ್ಲಿಯೇ ತೋರಿಸಿಕೊಡುವಿರೆಂಬ ನಂಬಿಕೆಯಿಂದ. ಯಾವ ಸಲಕರಣೆ ಮೊದಲು, ಯಾವುದು ನಂತರ ಎಂಬುದನ್ನು ನಾನು ಈ ಒಂದೇ ಅಳತೆಯಿಂದ ನಿರ್ಧರಿಸುತ್ತೇನೆ.

ಆ ಅಳತೆಯಲ್ಲಿ ಮೊದಲ ಸ್ಥಾನ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಕೈಮಸೂರಕ್ಕೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಲೆ ಮುದುಡಿದೆ, ನುಸಿ ಬಿದ್ದಿದೆ, ಏನು ಹೊಡೆಯಬೇಕು ಎಂದು ರೈತರು ಕೇಳುತ್ತಾರೆ. ತೊಡಕು ಇರುವುದು ಹೆಸರಿನಲ್ಲಿಯೇ: ಥ್ರಿಪ್ಸ್ ಮತ್ತು ಮೈಟ್ ಎರಡನ್ನೂ ನಾವು ನುಸಿ ಎಂದೇ ಕರೆಯುತ್ತೇವೆ. ಥ್ರಿಪ್ಸ್ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮುದುಡಿ ದೋಣಿಯಂತಾಗುತ್ತದೆ. ಮೈಟ್ ಬಾಧೆಯಿದ್ದರೆ ಅಂಚು ಕೆಳಕ್ಕೆ ಬಾಗಿ, ಬೋರಲು ಹಾಕಿದ ದೋಣಿಯಂತೆ ಕಾಣುವುದಲ್ಲದೆ ಎಲೆಯ ತೊಟ್ಟೂ ಉದ್ದವಾಗುತ್ತದೆ. ಥ್ರಿಪ್ಸ್ ಆರು ಕಾಲಿನ ಕೀಟವಾದರೆ ಮೈಟ್ ಜೇಡದ ಬಳಗಕ್ಕೆ ಸೇರಿದ್ದು. ಆದ್ದರಿಂದ ಒಂದನ್ನು ಕೊಲ್ಲುವ ಔಷಧಿ ಇನ್ನೊಂದಕ್ಕೆ ತಾಗದೆ ಹೋಗಬಹುದು, ಅಷ್ಟೇ ಅಲ್ಲ, ಮೈಟನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನು ಸಾಯಿಸಿ ಅದರ ಸಂಖ್ಯೆಯನ್ನು ಹೆಚ್ಚಿಸಿಯೂ ಬಿಡಬಹುದು. ಒಂದೇ ಗಿಡದಲ್ಲಿ ಎರಡೂ ಇರುವುದುಂಟು. ಬಿಳಿನೊಣ ಹರಡುವ ನಂಜು (ವೈರಸ್) ರೋಗದಿಂದಲೂ ಎಲೆ ಮುದುಡುವುದುಂಟು. ಮಸೂರದಲ್ಲಿ ಥ್ರಿಪ್ಸ್ ತೆಳ್ಳನೆಯ, ಚುರುಕಾಗಿ ಓಡುವ ಗೀಟಿನಂತೆ ಸ್ಪಷ್ಟವಾಗಿ ಕಾಣುತ್ತದೆ, ಮೈಟ್ ಗಾಜಿನ ಪುಡಿಯಂತೆ ಮಿನುಗುವ ಚುಕ್ಕೆಯಾಗಿ ಕಾಣುತ್ತದೆ. ರೈತರು ತಾವೇ ಒಮ್ಮೆ ನೋಡಿದ ಮೇಲೆ ಹೆಚ್ಚು ವಾದಿಸುವ ಅಗತ್ಯ ಬೀಳುವುದಿಲ್ಲ.

ಮಸೂರ ಹಿಡಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪದವೀಧರರೇ ಇಲ್ಲಿ ಹೆಚ್ಚಾಗಿ ತಪ್ಪುತ್ತಾರೆ. ಅದನ್ನು ಎಲೆಯ ಮೇಲೆ ದೂರ ಹಿಡಿದು ಇಣುಕಬಾರದು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಎಲೆಯನ್ನೇ ಸುಮಾರು ಎರಡೂವರೆ ಸೆಂಟಿಮೀಟರ್ ದೂರದವರೆಗೆ ತರಬೇಕು. ಇಪ್ಪತ್ತು ಪಟ್ಟಿನ ಮಸೂರ ಎರಡನೆಯದಾಗಿ ಇರಲಿ. ಅದರಲ್ಲಿ ಕಾಣುವ ಜಾಗ ಕಿರಿದು, ಕೈ ಸ್ವಲ್ಪ ನಡುಗಿದರೂ ನೋಟ ತಪ್ಪುತ್ತದೆ. ಎರಡಕ್ಕೂ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ನಾನು ಕಳೆದುಕೊಂಡ ಮಸೂರಗಳೆಲ್ಲವೂ ದಾರವಿಲ್ಲದವು.

ಎರಡನೆಯದು ಹರಿತವಾದ ಚಾಕು ಮತ್ತು ಒಂದು ಪಾರದರ್ಶಕ ಗಾಜಿನ ಲೋಟ. ಕೋಲಾರದ ಕಡೆಯ ಟೊಮೆಟೊ ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದರೆ, ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಅಲುಗಾಡದಂತೆ ತೂಗುಬಿಡಿ. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆಗಳು ನೀರಿಗಿಳಿಯುತ್ತವೆ, ಶಿಲೀಂಧ್ರದ ಸೊರಗಿನಲ್ಲಿ ಹಾಗಾಗುವುದಿಲ್ಲ. ಈ ಪರೀಕ್ಷೆಗೆ ಖರ್ಚೆಂಬುದೇ ಇಲ್ಲ, ಆದರೆ ದುಂಡಾಣುವಿನ ರೋಗಕ್ಕೆ ಶಿಲೀಂಧ್ರನಾಶಕ ಸುರಿಯುವ ದಂಡದ ವೆಚ್ಚವನ್ನು ಅದು ತಪ್ಪಿಸುತ್ತದೆ. ಮಲೆನಾಡಿನಲ್ಲಿ ಅದೇ ಚಾಕುವಿಗೆ ಇನ್ನೊಂದು ಉಪಯೋಗವಿದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಸುಣ್ಣದ ಗುಣ ಒಂದೇ ಸಮನಾಗಿರುವುದಿಲ್ಲ. ತಿಕ್ಕಿ ತೊಳೆದ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಬಣ್ಣದ ತಾಮ್ರದ ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ, ಆ ದ್ರಾವಣವನ್ನು ಹಾಗೆಯೇ ಹೊಡೆದರೆ ಬೆಳೆ ಸುಡುತ್ತದೆ. ಕಲಸುವ ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ, ಕಬ್ಬಿಣದ ಡ್ರಮ್ ಬೇಡ.

ಮಣ್ಣಿನ ವಿಷಯಕ್ಕೆ ಬಂದರೆ, ಸೆನ್ಸರ್‌ಗಿಂತ ಮೊದಲು ಬೇಕಾದದ್ದು ಸಲಿಕೆ, ಪ್ಲಾಸ್ಟಿಕ್ ಬಕೆಟ್, ಅಚ್ಚುಕಟ್ಟಾದ ಬಟ್ಟೆಯ ಚೀಲಗಳು ಮತ್ತು ಅಳಿಸಿಹೋಗದ ಪೆನ್ನು. ಹೊಲದ ಬೆಳೆಗಳಿಗಾದರೆ ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ತೆಗೆಯಬೇಕು. ಹೀಗೆ ಹೊಲದ ಹತ್ತು ಹನ್ನೆರಡು ಕಡೆ ತೆಗೆದದ್ದನ್ನು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಬೇಕು. ಬದುವಿನ ಪಕ್ಕ, ತಿಪ್ಪೆಯ ಜಾಗ, ಮರದ ಬುಡ, ನೀರು ನಿಲ್ಲುವ ತಗ್ಗು ಇವುಗಳನ್ನು ಬಿಡಬೇಕು. ಸತುವಿನಂಥ ಲಘು ಪೋಷಕಾಂಶಗಳ ಪರೀಕ್ಷೆಯಿದ್ದರೆ ತುಕ್ಕು ಹಿಡಿದ ಸಲಿಕೆಯಾಗಲಿ ತಗಡಿನ ಬಕೆಟ್ಟಾಗಲಿ ಬಳಸಿದರೆ ಫಲಿತಾಂಶ ಕೆಡುತ್ತದೆ, ಗೊಬ್ಬರದ ಹಳೆಯ ಚೀಲವಂತೂ ಬೇಡವೇ ಬೇಡ. ರೈತರ ಬಳಿ ಸರ್ಕಾರ ಮಣ್ಣು ಪರೀಕ್ಷಿಸಿ ಕೊಡುವ ಮಣ್ಣು ಆರೋಗ್ಯ ಚೀಟಿ ಇದೆಯೇ ಎಂದು ಮೊದಲು ಕೇಳಿ. ಆದರೆ 2015ರಲ್ಲಿ ಆರಂಭವಾದ ಆ ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯಲಾಗಿತ್ತು. ಚೀಟಿಯಲ್ಲಿ ಹೆಸರು ನಿಮ್ಮ ರೈತರದಾಗಿದ್ದು, ಮಣ್ಣು ನೆರೆಯವರದಾಗಿರುವ ಸಾಧ್ಯತೆಯಿದೆ.

ಇದರ ನಂತರ ಪೆನ್ನಿನ ಗಾತ್ರದ ಎರಡು ಮೀಟರ್‌ಗಳು: ರಸಸಾರ, ಅಂದರೆ ಪಿಎಚ್ ಅಳೆಯುವುದು ಒಂದು, ಲವಣಾಂಶಕ್ಕಾಗಿ ಇ.ಸಿ., ಅಂದರೆ ವಿದ್ಯುತ್ ವಾಹಕತೆ ಅಳೆಯುವುದು ಇನ್ನೊಂದು. ಪಿಎಚ್ ಮೀಟರ್ ಕೊಂಡವರಲ್ಲಿ ಅನೇಕರು ಅದನ್ನು ಸರಿಹೊಂದಿಸುವ, ರಸಸಾರ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳನ್ನು ಕೊಳ್ಳುವುದಿಲ್ಲ, ಹಾಗಾದರೆ ಅದು ತೋರಿಸುವ ಅಂಕಿಗೆ ಬೆಲೆಯಿಲ್ಲ. ಮಲೆನಾಡಿನ ಹುಳಿಮಣ್ಣಿನಲ್ಲಿ ಕೆಲಸ ಮಾಡುವವರಿಗೆ 4 ಮತ್ತು 7ರ ಬಫರ್ ಬೇಕು; ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿ ಇರುವುದರಿಂದ 7 ಮತ್ತು 10ರದು ಬೇಕು. ಇಪ್ಪತ್ತು ಗ್ರಾಂ ಮಣ್ಣಿಗೆ ಐವತ್ತು ಮಿಲಿಲೀಟರ್ ಭಟ್ಟಿಯಿಳಿಸಿದ ನೀರು ಹಾಕಿ, ಆಗಾಗ ಕದಡುತ್ತ ಅರ್ಧ ಗಂಟೆ ಬಿಟ್ಟು ಅಳೆಯಿರಿ. ಈ ಅಂಕಿಯಿಂದ ಮಣ್ಣು ಹುಳಿಯೇ ಸವುಳೇ ಎಂದು ಹೇಳಬಹುದೇ ಹೊರತು, ಎಕರೆಗೆ ಎಷ್ಟು ಸುಣ್ಣ ಎಂದು ಹೇಳಲಾಗದು. ಅದಕ್ಕೆ ಪ್ರಯೋಗಾಲಯದ ಬೇರೆಯದೇ ಪರೀಕ್ಷೆ ಇದೆ. ಇ.ಸಿ. ಮೀಟರ್ ಹೆಚ್ಚಾಗಿ ಕೆಲಸಕ್ಕೆ ಬರುವುದು ಕೊಳವೆಬಾವಿಯ ನೀರಿಗೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ನೀರಿನ ಲವಣಾಂಶ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಬೆಳೆಯ ಆಯ್ಕೆಯನ್ನೇ ಬದಲಿಸುವ ಮಾತಾಡಬೇಕಾಗುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಸಾಧನದ ಬಗ್ಗೆ ಹೇಳುತ್ತೇನೆ. ಅದು ನೂರು ಮಿಲಿಲೀಟರಿನ ಅಳತೆಯ ಜಾಡಿ. ಹನಿ ನೀರಾವರಿಯ ಡ್ರಿಪ್ಪರಿನ ಕೆಳಗೆ ಅದನ್ನು ಸರಿಯಾಗಿ 36 ಸೆಕೆಂಡು ಹಿಡಿಯಿರಿ. ಮೂವತ್ತಾರು ಸೆಕೆಂಡು ಎಂದರೆ ಗಂಟೆಯ ನೂರನೆಯ ಒಂದು ಭಾಗ. ಆದ್ದರಿಂದ ಬಿದ್ದ ಮಿಲಿಲೀಟರನ್ನು ಹತ್ತರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ನೇರವಾಗಿ ಸಿಗುತ್ತದೆ. ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ 40 ಮಿಲಿಲೀಟರ್ ಕೊಡಬೇಕು. ಪೈಪಿನ ಆರಂಭದಲ್ಲಿ 40 ಬಿದ್ದು ಕೊನೆಯಲ್ಲಿ 15 ಬಿದ್ದರೆ, ಕೊನೆಯ ಸಾಲಿನ ಗಿಡಗಳು ಹಳದಿಯಾಗಿರುವುದಕ್ಕೆ ಗೊಬ್ಬರದ ಕೊರತೆಯನ್ನು ಹುಡುಕುವ ಮುನ್ನ ಫಿಲ್ಟರನ್ನೂ ಪೈಪುಗಳನ್ನೂ ತೊಳೆಸಿ. ರಸಗೊಬ್ಬರವನ್ನೂ ಅದೇ ಪೈಪಿನಲ್ಲಿ ಬಿಡುತ್ತಿದ್ದರೆ ಕೊನೆಯ ಗಿಡಕ್ಕೆ ನೀರೂ ಇಲ್ಲ, ಗೊಬ್ಬರವೂ ಇಲ್ಲ.

ಮೂವತ್ತು ಮೀಟರಿನ ಟೇಪನ್ನೂ ಜೊತೆಗಿಡಿ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಎಕರೆಗೆ 40 ಗುಂಟೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಎಕರೆಗೆ ಸುಮಾರು 540 ಮರ ಹಿಡಿಯಬೇಕು. ರೈತರು ಒಂದು ಎಕರೆ ಎಂದು ಹೇಳಿದ ತೋಟದಲ್ಲಿ 400 ಮರವಷ್ಟೇ ಇದ್ದರೆ, ಜಾಗ ಕಡಿಮೆಯೋ ಅಂತರ ಹೆಚ್ಚೋ ಎಂಬುದು ತಿಳಿಯದೆ ಔಷಧಿಯ ಪ್ರಮಾಣ ಬರೆಯಬಾರದು. ನಿಂತ ಜಾಗದ ಸರ್ವೆ ನಂಬರನ್ನು ಕರ್ನಾಟಕದ ದಿಶಾಂಕ್ ಆ್ಯಪ್ ತೋರಿಸುತ್ತದೆ. ಆದರೆ ಅದನ್ನು ತೋರಿಸಿ ಯಾರ ಗಡಿ ಜಗಳಕ್ಕೂ ಪಂಚಾಯಿತಿ ಮಾಡಲು ಹೋಗಬೇಡಿ.

ಮೊಬೈಲ್ ಫೋನ್ ನಿಮ್ಮ ಬಳಿ ಈಗಾಗಲೇ ಇರುತ್ತದೆ. ಚಿತ್ರ ತೆಗೆಯುವಾಗ ಎಲೆಯ ಪಕ್ಕದಲ್ಲಿ ಒಂದು ನಾಣ್ಯವಿಡಿ, ಮೊದಲು ಇಡೀ ಹೊಲ, ಆಮೇಲೆ ಗಿಡ, ಕೊನೆಗೆ ಎಲೆಯ ಹಿಂಬದಿ ಎಂಬ ಕ್ರಮವಿರಲಿ.

ಸಲಹೆಯನ್ನು ಬರೆದುಕೊಡುವುದಕ್ಕೆ ಕಾರ್ಬನ್ ಹಾಳೆಯಿರುವ ಜೋಡಿಪ್ರತಿಯ ಪುಸ್ತಕ ಬೇಕು, ಇದನ್ನು ಮಾತ್ರ ಮುಂದೂಡಬೇಡಿ. ದಿನಾಂಕ, ಹೊಲದ ಗುರುತು, ನೀವು ಕಂಡದ್ದು, ಔಷಧಿಯ ತಾಂತ್ರಿಕ ಹೆಸರು, ಲೀಟರಿಗೆ ಎಷ್ಟು, ಬೆನ್ನಿಗೆ ಹಾಕುವ ಪಂಪಿನಲ್ಲಿ ಎಷ್ಟು ಟ್ಯಾಂಕು, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದಿಷ್ಟೂ ಅದರಲ್ಲಿರಲಿ. ಆ ಔಷಧಿ ಆ ಬೆಳೆಗೆ, ಆ ಕೀಟಕ್ಕೆಂದು ನೋಂದಣಿಯಾಗಿದೆಯೇ ಎಂಬುದನ್ನು ಲೇಬಲ್ ನೋಡಿಯೇ ಬರೆಯಿರಿ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಅದೇ ಕ್ರಮದಲ್ಲಿ ಇಳಿಯುವ ವಿಷದ ತೀವ್ರತೆಯನ್ನು ಹೇಳುತ್ತವೆ, ಅದನ್ನು ರೈತರಿಗೂ ತೋರಿಸಿ. ಬಾಯಿಮಾತಿನಲ್ಲಿ ಹೇಳಿದ ಹೆಸರು ಅಂಗಡಿ ತಲುಪುವಷ್ಟರಲ್ಲಿ ಬದಲಾಗಿರುತ್ತದೆ, ‘ಅದೇ ಇದು, ಕಂಪನಿ ಬೇರೆ’ ಎಂಬ ಸಮಾಧಾನದೊಂದಿಗೆ ಇನ್ನೇನೋ ಬಂದಿರುತ್ತದೆ. ಫಲ ಕಾಣದಿದ್ದಾಗ ದೂರು ಬರುವುದು ನಿಮ್ಮ ಮೇಲೆ, ಆಗ ಉತ್ತರ ಕೊಡುವುದು ಆ ಎರಡನೆಯ ಪ್ರತಿ. ಹದಿನೈದು ದಿನ ಬಿಟ್ಟು ಹೋದಾಗ ಏನಾಗಿತ್ತು ಎಂಬುದನ್ನೂ ಅದರ ಕೆಳಗೇ ಬರೆದಿಡಿ.

ಕಾಲಿಗೆ ರಬ್ಬರ್ ಬೂಟು ಇರಲಿ, ಗಾಡಿಯಲ್ಲಿ ಬ್ರಷ್ಷು, ಬಕೆಟ್ಟು, ಬ್ಲೀಚಿಂಗ್ ಪುಡಿಯೂ ಇರಲಿ. ಸೊರಗು ರೋಗದ ದುಂಡಾಣು ಕೆಸರಿನ ಜೊತೆಗೆ ಪಯಣಿಸುತ್ತದೆ. ಒಂದೇ ದಿನ ನಾಲ್ಕು ತೋಟ ಸುತ್ತುವ ಸಲಹೆಗಾರರು ಬೂಟು, ಸಲಿಕೆ, ಚಾಕುಗಳನ್ನು ತೊಳೆಯದಿದ್ದರೆ ತಾವೇ ರೋಗ ಹಂಚಿಬಂದಂತಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ರಕ್ತ ಹೀರುವ ಉಂಬಳಗಳಿಗಾಗಿ ಸುಣ್ಣವೋ ನಶ್ಯದ ಪುಡಿಯೋ ಬೇಕೇ ಬೇಕು ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ.

ಈಗ ನೀವು ಕೇಳಿದ ಮೂರಕ್ಕೆ ಬರುತ್ತೇನೆ. ಮಣ್ಣಿಗೆ ಚುಚ್ಚಿದೊಡನೆ ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೂ ತೋರಿಸುವುದಾಗಿ ಮಾರುವ ಅಗ್ಗದ ಸೆನ್ಸರ್‌ಗಳು ಹೆಚ್ಚಾಗಿ ಮಣ್ಣಿನ ವಿದ್ಯುತ್ ವಾಹಕತೆಯಿಂದ ಊಹಿಸಿ ಅಂಕಿ ಕೊಡುತ್ತವೆ, ಅವನ್ನು ನಂಬಿ ಗೊಬ್ಬರ ಬರೆಯಬೇಡಿ. ಡ್ರೋನಿನಿಂದ ಹೊಲದ ಯಾವ ಮೂಲೆ ಸೊರಗಿದೆ ಎಂಬುದು ಕಾಣುತ್ತದೆ, ಏಕೆ ಸೊರಗಿದೆ ಎಂಬುದಕ್ಕೆ ಮತ್ತೆ ಮಸೂರ ಹಿಡಿದು ಅಲ್ಲಿಗೆ ನಡೆಯಲೇಬೇಕು. ಅಲ್ಲದೆ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ವೃತ್ತಿಗಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ನೂರಾರು ಎಕರೆಯ ಎಸ್ಟೇಟಿನ ಕೆಲಸ ಸಿಕ್ಕಾಗ, ಪ್ರಮಾಣಪತ್ರ ಇರುವವರನ್ನೇ ದಿನದ ಬಾಡಿಗೆಗೆ ಕರೆಯಬಹುದು. ಲ್ಯಾಪ್‌ಟಾಪನ್ನು ಎರಡನೆಯ ಕಾರ್ಬನ್ ಪುಸ್ತಕ ಮುಗಿಯುವ ಹೊತ್ತಿಗೆ ಕೊಳ್ಳಿ. ಯಾವ ಊರಿನ ಯಾವ ಹೊಲದಲ್ಲಿ ಯಾವ ತಿಂಗಳು ಏನು ಕಂಡಿತ್ತು ಎಂಬುದನ್ನು ಹಾಳೆ ತಿರುವಿ ಹುಡುಕುವುದು ಆ ವೇಳೆಗೆ ಕಷ್ಟವಾಗತೊಡಗಿರುತ್ತದೆ.